ಪಾಲಿಸಿ ಕಾಲೇಜಿನದು, ಕಾಯಿಲೆ ನನ್ನದು



ವರದಕ್ಷಿಣೆ ಮತ್ತು ಕೌಟುಂಬಿಕ ದೌರ್ಜನ್ಯದ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ಆರೋಗ್ಯ ವಿಮೆಯ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಹೆಣ್ಣಿನ ಕಾಯಿಲೆಗೆ ದುಡ್ಡು ಯಾರು ಹಾಕಬೇಕು ಎಂಬ ಪ್ರಶ್ನೆ ಎದ್ದ ಮನೆಯಲ್ಲಿ ವರದಕ್ಷಿಣೆ ಎರಡನೆಯ ಸಲ ಹುಟ್ಟುವುದನ್ನು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಂಡಿದ್ದೇನೆ. ಆ ಕಾರಣಕ್ಕೆ ಈ ಲೇಖನ.

ನಾನು ಮೂವತ್ತೊಂದು ವರ್ಷ ಒಂದು ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವಳು. ಸರ್ಕಾರದ ಅನುದಾನವಿಲ್ಲದ ಕಾಲೇಜಾದ್ದರಿಂದ ಪಿಂಚಣಿ ಇಲ್ಲ. ಇದ್ದ ಒಂದು ಅನುಕೂಲವೆಂದರೆ ಆಡಳಿತ ಮಂಡಳಿ ಎಲ್ಲ ಅಧ್ಯಾಪಕರಿಗೂ ಮಾಡಿಸಿದ್ದ ಸಾಮೂಹಿಕ ಆರೋಗ್ಯ ವಿಮೆ. ಅದರ ಕಂತಿನ ಅರ್ಧ ಭಾಗವನ್ನು ನಮ್ಮ ಸಂಬಳದಿಂದಲೇ ಮುರಿದುಕೊಳ್ಳುತ್ತಿದ್ದರು. 2019ರ ಜನವರಿಯಲ್ಲಿ ನನಗೆ ಸ್ತನ ಕ್ಯಾನ್ಸರ್ ಇರುವುದು ತಿಳಿಯಿತು. ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಮಾರ್ಚ್ ಮೊದಲ ವಾರದಿಂದ 21 ದಿನಕ್ಕೊಂದರಂತೆ ಕಿಮೋ ಶುರುವಾಯಿತು. ಮೇ 31ಕ್ಕೆ ನನ್ನ ನಿವೃತ್ತಿ. ಆ ದಿನಕ್ಕೆ ಇನ್ನೂ ಮೂರು ಕಿಮೋ ಬಾಕಿ. ಅದಾದ ಮೇಲೆ 25 ದಿನ ವಿಕಿರಣ ಚಿಕಿತ್ಸೆ, ಅಂದರೆ ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುತ್ತಾರಲ್ಲ, ಅದು ಬಾಕಿ.

ಏಪ್ರಿಲ್‌ನಲ್ಲೇ ಆಡಳಿತ ಮಂಡಳಿಗೆ ಪತ್ರ ಬರೆದೆ. ಪೂರ್ತಿ ಕಂತನ್ನು ನಾನೇ ಕಟ್ಟುತ್ತೇನೆ, ಚಿಕಿತ್ಸೆ ಮುಗಿಯುವವರೆಗೆ ವಿಮೆ ಮುಂದುವರಿಸಿಕೊಡಿ ಎಂದು ಕೇಳಿದೆ. ಉತ್ತರ ಬರಲಿಲ್ಲ. ಕಚೇರಿಗೆ ಹೋಗಿ ವಿಚಾರಿಸಿದಾಗ ಅಲ್ಲಿದ್ದ ಗುಮಾಸ್ತರು, “ಮೇಡಂ, ಪಾಲಿಸಿ ಕಾಲೇಜಿನದು, ನಿಮ್ಮದಲ್ಲ” ಎಂದರು. ಅವರ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೇ 31ರಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಟ್ಟರು. ಜೂನ್ 18ರ ಕಿಮೋಗೆ ಹೋದಾಗ ಆಸ್ಪತ್ರೆಯ ಕೌಂಟರಿನಲ್ಲಿ ನನ್ನ ವಿಮೆ ಕಾರ್ಡು ನಡೆಯಲಿಲ್ಲ. ಉಳಿದ ಚಿಕಿತ್ಸೆಗೆ ನನ್ನ ಗ್ರಾಚ್ಯುಯಿಟಿ ಹಣ ಕರಗಿತು.

ಆಗ ಜಾರಿಯಲ್ಲಿದ್ದ ವಿಮಾ ನಿಯಂತ್ರಣ ಪ್ರಾಧಿಕಾರದ 2016ರ ನಿಯಮಗಳ ಪ್ರಕಾರ, ಸಾಮೂಹಿಕ ವಿಮೆಯಲ್ಲಿದ್ದವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದಿತ್ತು. ಹಳೆಯ ಪಾಲಿಸಿಯಲ್ಲಿ ಕಳೆದ ಕಾಲವನ್ನು ಹೊಸದರ ಲೆಕ್ಕಕ್ಕೆ ಹಿಡಿಯಬೇಕಿತ್ತು. ಕಂಪನಿ ತನ್ನ ಪರಿಶೀಲನೆ ಮಾಡುತ್ತಿತ್ತು, ಕಂತು ಹೆಚ್ಚಾಗಬಹುದಿತ್ತು, ಅದೆಲ್ಲ ನಿಜ. ಆದರೆ ಇದಕ್ಕೆ ಅರ್ಜಿ ಹಾಕಬೇಕಾದದ್ದು ಹಳೆಯ ರಕ್ಷಣೆ ಮುಗಿಯುವ ಮೊದಲು. ಈ ವಿಷಯ ನನಗೆ ತಿಳಿದದ್ದು ಆಗಸ್ಟ್‌ನಲ್ಲಿ, ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯಿಂದ. ಏಪ್ರಿಲ್‌ನಲ್ಲಿ ನಾನು ಕೊಟ್ಟ ಪತ್ರಕ್ಕೆ ಕಾಲೇಜು ಎರಡು ಸಾಲಿನ ಉತ್ತರ ಬರೆದಿದ್ದರೆ ಸಾಕಾಗಿತ್ತು.

ಎಂ.ಎ. ಓದಿದ, ಕೈಯಲ್ಲಿ ಒಂದಿಷ್ಟು ಹಣವಿದ್ದ ನನ್ನ ಕಥೆ ಇದು. ಅದೇ ಆಸ್ಪತ್ರೆಯಲ್ಲಿ ಕಿಮೋ ದಿನಗಳಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹೆಣ್ಣುಮಗಳೊಬ್ಬಳ ಕಥೆ ಬೇರೆ. ಮಂಡ್ಯ ಕಡೆಯವಳು. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ಹೊಲಿಗೆ ಮಾಡಿದವಳು. ಇ.ಎಸ್.ಐ. ಕಾರ್ಡಿನ ಮೇಲೆ ಈ ಆಸ್ಪತ್ರೆಗೆ ಕಳಿಸಿದ್ದರು. ಫೆಬ್ರವರಿಯಿಂದ ರಜೆಯಲ್ಲಿದ್ದಳು. ಮಾರ್ಚ್ ಕೊನೆಗೆ ಫ್ಯಾಕ್ಟರಿಯವರು ಕರೆಸಿ, “ರಾಜೀನಾಮೆ ಬರೆದುಕೊಡು, ಪಿ.ಎಫ್. ಹಣ ಬೇಗ ಬರುತ್ತೆ” ಎಂದು ಹೇಳಿ ಸಹಿ ಹಾಕಿಸಿಕೊಂಡರು. ಒಂದು ದಿನ ನನಗೆ ಹೇಳಿದಳು: “ಕೆಲ್ಸ ಹೋದ್ಮೇಲೆ ಕಾರ್ಡು ಸತ್ತೋಯ್ತಂತೆ ಮೇಡಂ. ಇನ್ನು ಬರಕ್ಕಾಗಲ್ಲ.” ಮೇ ತಿಂಗಳಲ್ಲಿ ಆಕೆ ಕಾಣಲಿಲ್ಲ. ಜೂನ್‌ನಲ್ಲೂ ಕಾಣಲಿಲ್ಲ.

ಕಾರ್ಡು ಸತ್ತಿರಲಿಲ್ಲ, ಗೆಳತಿಯರೇ. ಇ.ಎಸ್.ಐ.ಯಲ್ಲಿ ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಮಾಡಿದ್ದಾರೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಮೊದಲನೆಯದರಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ, ಎರಡನೆಯದರಲ್ಲಿ ಕಟ್ಟಿದ್ದರೆ ಜುಲೈನಿಂದ ಡಿಸೆಂಬರ್‌ವರೆಗೆ ಚಿಕಿತ್ಸೆಯ ಹಕ್ಕು ಇರುತ್ತದೆ, ನಡುವೆ ಕೆಲಸ ಹೋಗಿದ್ದರೂ ಸಹ. ಆಕೆ ಜನವರಿ ಮುಗಿಯುವವರೆಗೆ ದುಡಿದಿದ್ದಳು. ಅಂದರೆ ಆ ವರ್ಷದ ಡಿಸೆಂಬರ್ ಕೊನೆಯವರೆಗೂ ಆಕೆಯ ಹಕ್ಕು ಜೀವಂತವಾಗಿತ್ತು. ಅಷ್ಟೇ ಅಲ್ಲ, ಕ್ಯಾನ್ಸರ್‌ನಂಥ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ಸತತ ಕೆಲಸ ಮಾಡಿ ನಿಗದಿಯಾದಷ್ಟು ವಂತಿಗೆ ಕಟ್ಟಿದವರಿಗೆ, ಕೂಲಿಯ ಶೇಕಡಾ 80ರಷ್ಟನ್ನು ಗರಿಷ್ಠ ಎರಡು ವರ್ಷದವರೆಗೆ ಕೊಡುವ ಸೌಲಭ್ಯವೂ ಇ.ಎಸ್.ಐ.ಯಲ್ಲಿದೆ. ಅದರ ಹೆಸರನ್ನೇ ಆಕೆ ಕೇಳಿರಲಿಲ್ಲ. ಸಹಿ ಹಾಕಿಸಿಕೊಂಡವರಿಗೆ ಇದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಕಾರ್ಮಿಕ ಸಂಘದ ಒಬ್ಬ ಹೆಣ್ಣುಮಗಳು ಇ.ಎಸ್.ಐ. ಕಚೇರಿಗೆ ಕರೆದುಕೊಂಡು ಹೋದ ಮೇಲೆ ಆಕೆ ಜುಲೈನಲ್ಲಿ ಮತ್ತೆ ಆಸ್ಪತ್ರೆಗೆ ಬಂದಳು. ನಡುವೆ ಕಿಮೋ ತಪ್ಪಿಹೋಗಿತ್ತು. ಕಾಗದಪತ್ರ ಸರಿಹೋಗುವವರೆಗೆ ಕ್ಯಾನ್ಸರ್ ಕಾಯುತ್ತದೆಯೆ?

ಆ ಎರಡು ತಿಂಗಳು ಆಕೆಯ ಮನೆಯಲ್ಲಿ ನಡೆದದ್ದನ್ನೂ ನೀವು ಕೇಳಬೇಕು. ಸಂಬಳ ತರುತ್ತಿದ್ದಷ್ಟು ದಿನ ಆಕೆ ಮನೆಯ ಸೊಸೆ. ಸಂಬಳ ನಿಂತು, ಕಾರ್ಡೂ ಇಲ್ಲವೆಂದಾದ ಕೂಡಲೇ ಅತ್ತೆ ಆಡಿದ ಮಾತು: “ಮದ್ವೇಲಿ ಕೊಟ್ಟಿದ್ದಾದ್ರೂ ಏನ್ ಮಹಾ? ಈಗ ನಿಮ್ಮಣ್ಣಂದಿರೇ ನೋಡ್ಕೊಳ್ಲಿ.” ಮದುವೆಯಲ್ಲಿ ತವರಿನವರು ಹಾಕಿದ್ದ ಸರ, ಓಲೆ ಆಗಲೇ ಗಂಡನ ಆಟೋ ಸಾಲಕ್ಕೆ ಹೋಗಿದ್ದವು. ಕಷ್ಟಕಾಲಕ್ಕೆ ಇರಲಿ ಎಂದು ಹೆತ್ತವರು ಕೊಟ್ಟ ಚಿನ್ನ ಹೆಣ್ಣಿನ ಕಷ್ಟಕಾಲಕ್ಕೆ ಅಡವಿಗೂ ಸಿಗಲಿಲ್ಲ. ತಲೆಕೂದಲು ಉದುರಿದ ಆ ಹೆಣ್ಣು ಸೆರಗು ಹೊದ್ದುಕೊಂಡು ಬಸ್ಸು ಹತ್ತಿ ತವರಿಗೆ ದುಡ್ಡು ಕೇಳಲು ಹೋದಳು. ಮದುವೆಯ ಕಾಲದಲ್ಲಿ ಕೇಳಿದರೆ ವರದಕ್ಷಿಣೆ, ಚಿಕಿತ್ಸೆಗೆ ಕೇಳಿದರೆ ಸಹಾಯ! ಕೋರ್ಟು ಇದನ್ನು ಯಾವ ಹೆಸರಿನಿಂದ ಕರೆಯುತ್ತದೋ, ಹೆಣ್ಣು ಹೆತ್ತವರ ಮನೆಯಲ್ಲಿ ಮಾರಾಟವಾಗುವ ಕುರಿ, ಅಡವಾಗುವ ಜಮೀನು ಮಾತ್ರ ಅವೇ.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ಪಾಲಿಸಿ ಕಾಲೇಜಿನದು, ಕಾರ್ಡು ಫ್ಯಾಕ್ಟರಿಯದು, ಮನೆ ಗಂಡನದು, ಒಡವೆ ಅತ್ತೆಯ ಬೀರುವಿನದು. ಕಾಯಿಲೆ ಮಾತ್ರ ಹೆಣ್ಣಿನದು. ಆರೋಗ್ಯವಾಗಿದ್ದಾಗ ಕೆಲಸವಿದೆ, ಆದ್ದರಿಂದ ವಿಮೆಯಿದೆ. ಕಾಯಿಲೆ ಬಿದ್ದಾಗ ಕೆಲಸ ಹೋಗುತ್ತದೆ, ಆದ್ದರಿಂದ ವಿಮೆಯೂ ಹೋಗುತ್ತದೆ. ಇದೆಂಥ ರಕ್ಷಣೆ? ಸ್ತನ ಕ್ಯಾನ್ಸರ್‌ನ ಚಿಕಿತ್ಸೆಯನ್ನೇ ನೋಡಿ. ಆಪರೇಷನ್, ಕಿಮೋ, ಕರೆಂಟು ಸೇರಿ ಎಂಟು-ಹತ್ತು ತಿಂಗಳು. ಕೆಲವರಿಗೆ ಮೂರು ವಾರಕ್ಕೊಂದರಂತೆ ಒಂದು ವರ್ಷ ಇಂಜೆಕ್ಷನ್. ಹಲವರಿಗೆ ಐದರಿಂದ ಹತ್ತು ವರ್ಷ ಮಾತ್ರೆ. ಇಷ್ಟು ಕಾಲ ರಜೆ ಕೊಟ್ಟು ಕಾಯುವ ಮಾಲೀಕ ಎಷ್ಟು ಮಂದಿ?

ದುಡಿಯದವರ ವಿಮೆಯ ಖರ್ಚನ್ನು ಮಾಲೀಕ ಯಾಕೆ ಹೊರಬೇಕು ಎಂದು ಕೇಳುವವರಿದ್ದಾರೆ. ಅರ್ಥಶಾಸ್ತ್ರ ಕಲಿಸಿದವಳಾಗಿ ನನ್ನ ಉತ್ತರ ಸರಳ. ವಿಮೆ ಎಂದರೆ ಚೆನ್ನಾಗಿದ್ದಾಗ ಕಟ್ಟಿ ಕೆಟ್ಟಾಗ ಪಡೆಯುವುದು. 2019ರ ಜುಲೈನಿಂದ ಇ.ಎಸ್.ಐ.ಗೆ ಕಾರ್ಮಿಕರ ಕೂಲಿಯಿಂದ ಶೇಕಡಾ 0.75, ಮಾಲೀಕರಿಂದ ಶೇಕಡಾ 3.25 ವಂತಿಗೆ, ಅದಕ್ಕೂ ಮೊದಲು ಇಬ್ಬರ ಪಾಲೂ ಇನ್ನೂ ಹೆಚ್ಚಿತ್ತು. ಆರು ವರ್ಷ ಆಕೆ ಕಟ್ಟಿದ್ದು ಆಕೆಯ ಬೆವರಿನ ದುಡ್ಡು. ಕಟ್ಟಿದ್ದನ್ನು ಕೇಳಿದರೆ ಅದು ಭಿಕ್ಷೆಯೆ?

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ಚಿಕಿತ್ಸೆಯಲ್ಲಿರುವಾಗ ಯಾರೇ ಹೇಳಲಿ, ಯಾವ ಆಸೆಯನ್ನೇ ತೋರಿಸಲಿ, ರಾಜೀನಾಮೆಗೆ ಸಹಿ ಹಾಕಬಾರದು. ಸಂಘದವರನ್ನು ಕೇಳಿ ಬರುತ್ತೇನೆ ಎಂದು ಎದ್ದು ಬನ್ನಿ. ಪಿ.ಎಫ್. ಹಣಕ್ಕಾಗಿ ಕೆಲಸ ಬಿಡಬೇಕಾಗಿಲ್ಲ; ಕಾಯಿಲೆಗೆಂದು ಕೆಲಸದಲ್ಲಿರುವಾಗಲೇ ಅದರಿಂದ ತೆಗೆಯಲು ಅವಕಾಶವಿದೆ. ಇ.ಎಸ್.ಐ. ಇರುವವರು ತಮ್ಮ ವಿಮಾ ಸಂಖ್ಯೆ ಬರೆದಿಟ್ಟುಕೊಂಡು, ಮಾಲೀಕರು ನಿಜವಾಗಿ ವಂತಿಗೆ ಕಟ್ಟುತ್ತಿದ್ದಾರೆಯೆ ಎಂದು ವರ್ಷಕ್ಕೆರಡು ಸಲ ಕಚೇರಿಯಲ್ಲಿ ಕೇಳಬೇಕು. 1948ರ ಇ.ಎಸ್.ಐ. ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆದ್ದರಿಂದ ಅರ್ಜಿ ಹಾಕುವಾಗ ಅಂದಿನ ನಿಯಮವೇನೆಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಎರಡನೆಯದಾಗಿ, ಸರ್ಕಾರದ ಯೋಜನೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂದಾಗಿನಿಂದ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಎ.ಪಿ.ಎಲ್.ನವರಿಗೆ ನಿಗದಿತ ವೆಚ್ಚದ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೆ ನೆರವು ಗೊತ್ತುಮಾಡಲಾಗಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಸರ್ಕಾರದ ಆಸರೆಯಲ್ಲೇ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತದೆ. ಆದರೆ ಬಿ.ಪಿ.ಎಲ್. ಸೌಲಭ್ಯಕ್ಕೆ ಪಡಿತರ ಚೀಟಿ ಬೇಕು. 2013ರ ಆಹಾರ ಭದ್ರತಾ ಕಾಯಿದೆ ಪಡಿತರ ಚೀಟಿಗೆ ಮನೆಯ ಹಿರಿಯ ಹೆಣ್ಣನ್ನೇ ಯಜಮಾನಿ ಎಂದು ಕರೆದಿದೆ. ಹೆಸರಿಗೆ ಯಜಮಾನಿ, ಚೀಟಿ ಮಾತ್ರ ಗಂಡನ ಪೆಟ್ಟಿಗೆಯಲ್ಲಿ! ಮನೆಯಿಂದ ಹೊರಗೆ ಹಾಕಿಸಿಕೊಂಡ ಹೆಣ್ಣು ಆಸ್ಪತ್ರೆಯಲ್ಲಿ ಏನು ತೋರಿಸಬೇಕು? ಚೀಟಿಯ, ಆಧಾರ್‌ನ, ವಿಮೆಯ, ಆಸ್ಪತ್ರೆ ವರದಿಗಳ ಒಂದೊಂದು ನಕಲನ್ನು ಪ್ರತಿಯೊಬ್ಬ ಸದಸ್ಯೆಯೂ ಮನೆಯ ಹೊರಗೆ, ನಂಬಿಕೆಯ ಗೆಳತಿಯ ಬಳಿ ಇಡಬೇಕು.

ಮೂರನೆಯದಾಗಿ, ಚಿಕಿತ್ಸೆ ಕೊಡಿಸದೆ ಕೂರಿಸುವುದೂ ದೌರ್ಜನ್ಯವೇ. ಹೆಣ್ಣಿಗೆ ಅಗತ್ಯವಾದ ಹಣವನ್ನು, ಆಕೆಯ ಸ್ತ್ರೀಧನವನ್ನು ಕೈಗೆ ಸಿಗದಂತೆ ಮಾಡುವುದನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಆರ್ಥಿಕ ದೌರ್ಜನ್ಯ ಎನ್ನುತ್ತದೆ. ದೌರ್ಜನ್ಯದಿಂದಾದ ವೈದ್ಯಕೀಯ ವೆಚ್ಚವನ್ನೂ ಜೀವನಾಂಶವನ್ನೂ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಸ್ತ್ರೀಧನ ಹೆಣ್ಣಿನದೇ ಆಸ್ತಿ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ ಸಿ.ಡಿ.ಪಿ.ಒ.ಗಳೇ ಸಂರಕ್ಷಣಾಧಿಕಾರಿಗಳು, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ಹೆಣ್ಣಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯಿದೆ ಹೇಳುತ್ತದೆ.

ಇವೆಲ್ಲ ನಾವು ಮಾಡಬಹುದಾದದ್ದು. ನಾವು ಕೇಳಬೇಕಾದದ್ದೂ ಇದೆ. ಕೆಲಸ ಹೋದರೂ, ನಿವೃತ್ತಿಯಾದರೂ, ಶುರುವಾದ ಚಿಕಿತ್ಸೆ ಮುಗಿಯುವವರೆಗೆ ವಿಮೆ ನಡೆಯಬೇಕು. ಕೆಲಸ ಬಿಡಿಸುವ ಮಾಲೀಕನು ಆ ಹೆಣ್ಣಿಗೆ ಉಳಿದಿರುವ ಹಕ್ಕುಗಳನ್ನು ಕನ್ನಡದಲ್ಲಿ ಬರೆದು ಕೈಗೆ ಕೊಡಬೇಕು. ಗಂಡನ ಮನೆ ಬಿಟ್ಟ ಹೆಣ್ಣಿಗೆ ಆಕೆಯ ಹೆಸರಿನಲ್ಲೇ ಆರೋಗ್ಯ ಕಾರ್ಡು ಸಿಗಬೇಕು. ನಿಮ್ಮ ಒಕ್ಕೂಟದ ಸಭೆಯಲ್ಲಿ ಈ ಮೂರನ್ನು ಠರಾವು ಮಾಡಿ ಶಾಸಕರಿಗೆ, ಕಾರ್ಮಿಕ ಇಲಾಖೆಗೆ ಕಳಿಸಿ.

ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ತೆಗೆಯುತ್ತೀರಿ, ಸಾಲದ ಕಂತು ಲೆಕ್ಕ ಮಾಡುತ್ತೀರಿ. ಮುಂದಿನ ಸಭೆಯಲ್ಲಿ ಇನ್ನೊಂದು ಪುಸ್ತಕ ತೆರೆಯಿರಿ. ಯಾರಿಗೆ ಯಾವ ವಿಮೆಯಿದೆ, ಅದು ಯಾರ ಹೆಸರಿನಲ್ಲಿದೆ, ಯಾವ ದಿನಕ್ಕೆ ಮುಗಿಯುತ್ತದೆ ಎಂದು ಒಬ್ಬೊಬ್ಬರದನ್ನೂ ಬರೆಯಿರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟರೆ ನೀರು ಸಿಗುವುದಿಲ್ಲ. ಎಲ್ಲರೂ ಗಟ್ಟಿಯಾಗಿರುವಾಗಲೇ ಹತ್ತು ಕೈ ಸೇರಿ ತೋಡಬೇಕು.