ಮೂರನೇ ವರ್ಷ ಯಾರಿರುತ್ತಾರೆ?

ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಂಡು ಆರು ತಿಂಗಳು ಉಳಿಸಿಕೊಂಡ ಮಾಲೀಕರಿಗೆ ಈಗ ತಲೆಗೆ ತಿಂಗಳಿಗೆ 3,000 ರೂಪಾಯಿವರೆಗೆ ಸರ್ಕಾರದ ಹಣ ಸಿಗುತ್ತದೆ. ಕೇಂದ್ರದ ‘ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆ’ 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗಿನ ನೇಮಕಾತಿಗಳಿಗೆ ಅನ್ವಯಿಸುತ್ತದೆ. ಮೀಸಲಿಟ್ಟಿರುವ ಮೊತ್ತ 99,446 ಕೋಟಿ ರೂಪಾಯಿ, ಗುರಿ ಮೂರೂವರೆ ಕೋಟಿ ಉದ್ಯೋಗ. ತಯಾರಿಕಾ ವಲಯಕ್ಕೆ ನಾಲ್ಕು ವರ್ಷ, ಉಳಿದವರಿಗೆ ಎರಡು ವರ್ಷ ಈ ನೆರವು. ಇದರ ಮೇಲೆ ನಮ್ಮ ರಾಜ್ಯದ್ದು ಬೇರೆ ಇದೆ. 2025ರ ಫೆಬ್ರುವರಿಯಲ್ಲಿ ಬಂದ ಕೈಗಾರಿಕಾ ನೀತಿ 2025–30 ಏಳೂವರೆ ಲಕ್ಷ ಕೋಟಿ ಬಂಡವಾಳ ತಂದು 20 ಲಕ್ಷ ಉದ್ಯೋಗ ಸೃಷ್ಟಿಸುವ ಗುರಿ ಇಟ್ಟುಕೊಂಡಿದೆ. ಅದಕ್ಕೂ ಮುಂಚೆ ಬಂದ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿ 2029ರೊಳಗೆ ಮೂರೂವರೆ ಲಕ್ಷ ಉದ್ಯೋಗದ ಲೆಕ್ಕ ಹೇಳುತ್ತದೆ.

ಇಷ್ಟು ಹಣವನ್ನು ಯುವಜನರ ಹೆಸರಿನಲ್ಲಿ ಖರ್ಚು ಮಾಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತ ಮಗನನ್ನೋ ಮಗಳನ್ನೋ ದಿನಾ ನೋಡುವ ತಂದೆ ತಾಯಿಗೆ ಮೊದಲ ಸಂಬಳ ಎಂದರೆ ಏನೆಂದು ಗೊತ್ತು. ನಾವು ಎಚ್ಚರಿಸುತ್ತಿರುವುದು ಎರಡು ವರ್ಷ ಕಳೆದ ಮೇಲಿನ ದಿನಗಳ ಬಗ್ಗೆ. ಮೊದಲ ತಿಂಗಳಲ್ಲೇ ಯೋಜನೆಗೆ ಬಂದ ಸೇವಾ ವಲಯದ ಸಂಸ್ಥೆಗಳಿಗೆ 2027ರ ಮಧ್ಯಭಾಗದಿಂದಲೇ ಈ ಹಣ ನಿಲ್ಲತೊಡಗುತ್ತದೆ. ತಯಾರಿಕಾ ವಲಯದ ಸರದಿ 2029ರಲ್ಲಿ. ಹಣ ನಿಂತ ಮೇಲೆ ಅದೇ ಕೆಲಸಗಾರರು ಅದೇ ಕಡೆ ಉಳಿದಿದ್ದಾರೆಯೇ, ಉಳಿದಿದ್ದರೆ ಯಾವ ಸಂಬಳಕ್ಕೆ ಎಂಬುದನ್ನು ತಾಲ್ಲೂಕುವಾರು ತೆಗೆದು ಜನರ ಮುಂದಿಡುವ ಏರ್ಪಾಡು ರಾಜ್ಯದಲ್ಲಿ ಈ ಹೊತ್ತಿಗಾಗಲೇ ನಡೆಯುತ್ತಿರಬೇಕಿತ್ತು. ನಮ್ಮಲ್ಲಿ ಎಣಿಕೆ ಸೇರಿದವರದ್ದು ಮಾತ್ರ. ಹೋದವರದ್ದಲ್ಲ.

ತಲೆ ಎಣಿಕೆಯನ್ನಷ್ಟೇ ನಂಬಿದರೆ ಏನಾಗುತ್ತದೆ ಎಂದು ಕರ್ನಾಟಕ ಒಮ್ಮೆ ಕಣ್ಣಾರೆ ಕಂಡಿದೆ. 2020ರ ಡಿಸೆಂಬರ್ 12ರ ಬೆಳಗಿನ ಜಾವ, ಕೋಲಾರ ಜಿಲ್ಲೆಯ ನರಸಾಪುರ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರ ಸಿಟ್ಟು ಕಟ್ಟೆಯೊಡೆದು ಗಾಜು, ಯಂತ್ರ, ವಾಹನ ಎಲ್ಲಕ್ಕೂ ತಟ್ಟಿತು. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಹೊಗೆ ಅಡಗಿದ ಮೇಲೆ ಹೊರಬಂದ ಸಂಗತಿಗಳು ಇನ್ನೂ ಕೊರೆಯುತ್ತವೆ. ಅಲ್ಲಿ ದುಡಿಯುತ್ತಿದ್ದವರು ಹತ್ತು ಸಾವಿರದ ಆಸುಪಾಸು. ಕಂಪನಿಯ ಸ್ವಂತ ಪಟ್ಟಿಯಲ್ಲಿದ್ದವರು ಸುಮಾರು 1,300. ಉಳಿದವರೆಲ್ಲ ಗುತ್ತಿಗೆ ಏಜೆನ್ಸಿಗಳ ಜನ. ಹನ್ನೆರಡು ಗಂಟೆಯ ಪಾಳಿ, ಸರಿಯಾಗಿ ದಾಖಲಾಗದ ಹಾಜರಿ, ಕೈಗೆ ಬಂದಾಗ ಕರಗಿಹೋಗಿರುತ್ತಿದ್ದ ಸಂಬಳ. ಸಂಬಳ ಪಾವತಿಯಲ್ಲಿ ಲೋಪವಾಗಿದ್ದನ್ನು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಭಾರತದ ಉಸ್ತುವಾರಿ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಆ್ಯಪಲ್ ತಾತ್ಕಾಲಿಕವಾಗಿ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. 2023ರಲ್ಲಿ ಆ ಘಟಕವನ್ನು ಟಾಟಾ ಸಮೂಹ ಕೊಂಡಿತು.

ಗಲಾಟೆಯ ಹಿಂದಿನ ದಿನ ಯಾರಾದರೂ ಸರ್ಕಾರದ ಕಡತ ತೆರೆದು ನೋಡಿದ್ದರೆ ನರಸಾಪುರ ದೊಡ್ಡ ಯಶಸ್ಸಿನಂತೆಯೇ ಕಾಣುತ್ತಿತ್ತು. ಬಂಡವಾಳ ಬಂದಿತ್ತು, ಸಾವಿರಾರು ಜನರಿಗೆ ಕೆಲಸ ಸಿಕ್ಕಿತ್ತು, ಸುತ್ತಲ ಹಳ್ಳಿಗಳ ಡಿಪ್ಲೊಮಾ ಹುಡುಗರು ಬಸ್ ಹತ್ತುತ್ತಿದ್ದರು. ಆ ಕೆಲಸ ಯಾರ ಪಟ್ಟಿಯದ್ದು, ಎಷ್ಟು ತಿಂಗಳದ್ದು, ಒಪ್ಪಿದ ಸಂಬಳಕ್ಕೂ ಬಂದ ಸಂಬಳಕ್ಕೂ ನಡುವೆ ಎಷ್ಟು ಅಂತರ ಎಂದು ಬರೆಯಲು ಆ ಕಡತದಲ್ಲಿ ಕಲಮೇ ಇರಲಿಲ್ಲ. ನಮ್ಮ ಆತಂಕವೆಲ್ಲ ಈ ಇಲ್ಲದ ಕಲಮಿನದು.

ಹೊಸ ಯೋಜನೆಯ ಲೆಕ್ಕವನ್ನು ಕಾರ್ಖಾನೆಯ ಗೇಟಿನ ಬಳಿ ನಿಂತು ಮಾಡಿ ನೋಡೋಣ. ಪಿ.ಎಫ್. ಲೆಕ್ಕಕ್ಕೆ ತಿಂಗಳಿಗೆ 14,000 ರೂಪಾಯಿ ಪಡೆಯುವ ಹುಡುಗಿಯೊಬ್ಬಳನ್ನು ಸೇರಿಸಿಕೊಂಡರೆ ಮಾಲೀಕರಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ, ಅಂದರೆ ಅವಳ ಸಂಬಳದ ಏಳನೇ ಒಂದು ಪಾಲು. ನಾಲ್ಕು ವರ್ಷಕ್ಕೆ 96,000. ಅವಳಿಗೆ ಅದು ಮೊದಲ ಪಿ.ಎಫ್. ಖಾತೆಯಾದರೆ ಒಂದು ತಿಂಗಳ ಸಂಬಳದಷ್ಟು ಮೊತ್ತ, ಗರಿಷ್ಠ 15,000, ಎರಡು ಕಂತಿನಲ್ಲಿ ಅವಳಿಗೂ ಸಿಗುತ್ತದೆ. ಐವತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಕನಿಷ್ಠ ಇಬ್ಬರನ್ನು, ಅದಕ್ಕಿಂತ ದೊಡ್ಡದು ಐವರನ್ನು ಹೆಚ್ಚುವರಿಯಾಗಿ ಸೇರಿಸಿಕೊಳ್ಳಬೇಕು. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಕೆಲಸಗಾರರ ನಡುವೆ ‘ಬ್ರೇಕ್ ಕೊಡುವುದು’ ಎಂಬ ಒಂದು ಮಾತಿದೆ. ಒಬ್ಬರ ಸೇವೆ ಇಷ್ಟು ವರ್ಷ ಎಂದು ಗಟ್ಟಿಯಾಗುವ ಮೊದಲೇ ರಾಜೀನಾಮೆ ಬರೆಸಿಕೊಂಡು, ಕೆಲವು ದಿನ ಮನೆಯಲ್ಲಿ ಕೂರಿಸಿ, ಹೊಸಬರ ಹಾಗೆ ಮತ್ತೆ ಸೇರಿಸಿಕೊಳ್ಳುವ ಕ್ರಮ ಅದು. ಗ್ರಾಚ್ಯುಟಿಗೆ ಎಲ್ಲರಿಗೂ ಐದು ವರ್ಷದ ಸೇವೆ ಬೇಕೆಂಬ ಷರತ್ತಿದ್ದ ಕಾಲದಲ್ಲಿ ಗಾರ್ಮೆಂಟ್ಸ್ ಕಾರ್ಮಿಕ ಸಂಘಟನೆಗಳು ಈ ದೂರನ್ನು ಹೇಳಿ ಹೇಳಿ ಸೋತವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಕೊಟ್ಟಿವೆ. ಒಳ್ಳೆಯದೇ ಆಯಿತು. ಆದರೆ ಸೇವೆಗೆ ಅವಧಿ ಕಟ್ಟಿದ ಕಡೆಯಲ್ಲೆಲ್ಲ ಅದರ ಅಂಚಿಗೆ ಕತ್ತರಿ ಬೀಳುವುದು ನಮ್ಮ ಕಾರ್ಖಾನೆ ಪ್ರದೇಶಗಳ ಹಳೆಯ ಅನುಭವ. ಈಗ ಎರಡು ವರ್ಷದ್ದೊಂದು, ನಾಲ್ಕು ವರ್ಷದ್ದೊಂದು ಹೊಸ ಅಂಚು ಸಿದ್ಧವಾಗಿದೆ.

ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿ.ಎಫ್. ಎಂದರೆ ಏನೆಂಬುದು 2016ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ತಿಳಿಯಿತು. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಅವರು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಮದುವೆ, ಗಂಡನ ಆಸ್ಪತ್ರೆ, ಊರಲ್ಲಿ ಮನೆಗೆ ಹೆಂಚು, ಎಲ್ಲಕ್ಕೂ ಅವರ ಕೈಗೆ ಎಟುಕುತ್ತಿದ್ದುದು ಆ ಹಣ ಒಂದೇ. ಅದೇ ಪಿ.ಎಫ್. ಖಾತೆ ಈಗ ಪ್ರೋತ್ಸಾಹಧನದ ಅಳತೆಗೋಲಾಗಿದೆ. ಖಾತೆ ತೆರೆದಿತೆಂದರೆ ಉದ್ಯೋಗ ಹುಟ್ಟಿತು ಎಂದು ಬರೆದುಕೊಳ್ಳುವವರು, ಕಂತು ನಿಂತ ಖಾತೆಯನ್ನು ಹೋದ ಉದ್ಯೋಗ ಎಂದೂ ಬರೆದುಕೊಳ್ಳಬೇಕು.

ರಾಜ್ಯದ ನೀತಿಯ ತೊಡಕು ಬೇರೆ ಬಗೆಯದು. ಕೈಗಾರಿಕಾ ನೀತಿ 2025–30ರಲ್ಲಿ ಉದ್ಯಮಿಗಳು ಬಂಡವಾಳ ಸಹಾಯಧನ ಅಥವಾ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಎರಡರ ಬುಡದಲ್ಲೂ ಇರುವುದು ಯಂತ್ರ ಮತ್ತು ವಹಿವಾಟು. ಮನುಷ್ಯ ಬರುವುದು ಆಮೇಲೆ. ಹತ್ತು ಜನರ ಕೆಲಸವನ್ನು ಒಂದೇ ಯಂತ್ರ ಮಾಡುವ ಕಾಲದಲ್ಲಿ ಯಂತ್ರದ ಬೆಲೆಯ ಮೇಲೆ ಸಹಾಯಧನ ಕೊಡುತ್ತ, ಇನ್ನೊಂದು ಕೈಯಲ್ಲಿ 20 ಲಕ್ಷ ಉದ್ಯೋಗ ಬೇಡುವುದು ಹೇಗೆ ಸರಿಹೋಗುತ್ತದೆ? ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವು ಎಂದು ಗುರುತಿಸಿದ್ದು 114 ತಾಲ್ಲೂಕುಗಳನ್ನು. ಅಂಥ ಕಡೆಗೆ ಹೋಗುವ ಉದ್ದಿಮೆಗೆ ನೀತಿ ಹೆಚ್ಚಿನ ರಿಯಾಯಿತಿ ಕೊಡುತ್ತದೆ, ಅದು ಸರಿಯೇ. ಯಾದಗಿರಿಯ ಕಡೇಚೂರು–ಬಾಡಿಯಾಳ ಪ್ರದೇಶದಲ್ಲಿ ಕೈಗಾರಿಕೆಗೆಂದು ಮೂರು ಸಾವಿರಕ್ಕೂ ಹೆಚ್ಚು ಎಕರೆ ಹೋಯಿತು. ಅಲ್ಲಿನವರು ಬೇಡುತ್ತಿರುವುದು ಇವತ್ತಿಗೂ ಕೆಲಸವನ್ನೇ. ಜಮೀನು ಕೊಟ್ಟ ಮನೆಯ ಎಷ್ಟು ಮಂದಿ ಈಗ ಒಳಗಿದ್ದಾರೆ ಎಂಬುದನ್ನು ಪ್ರತಿ ವರ್ಷ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳುವುದಕ್ಕೆ ಹೊಸ ಕಾನೂನೇನೂ ಬೇಡ.

ತರಬೇತಿಯ ವಿಷಯಕ್ಕೆ ಬಂದರೆ ಎಚ್ಚರಿಕೆಯ ಗಂಟೆ ಆಗಲೇ ಬಾರಿಸಿದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಮೇಲಿನ ಸಿಎಜಿ ವರದಿ 2025ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂತು. ಪರಿಶೀಲಿಸಿದ ದಾಖಲೆಗಳಲ್ಲಿ ನೂರಕ್ಕೆ 94ಕ್ಕೂ ಹೆಚ್ಚು ಕಡೆ ಅಭ್ಯರ್ಥಿಯ ಬ್ಯಾಂಕ್ ಖಾತೆಯ ಜಾಗ ಖಾಲಿ ಇತ್ತು, ಇಲ್ಲವೇ ಸೊನ್ನೆ ತುಂಬಿತ್ತು. ಒಂದೇ ಫೋಟೊ ಹಲವು ಅಭ್ಯರ್ಥಿಗಳ ಹೆಸರಿನಲ್ಲಿತ್ತು. ಕಲಿಸಿದವರಿಗೆ ದುಡ್ಡು ಹೋಗಿದೆ. ಕಲಿತವರು ಯಾರು ಎಂದು ಹೇಳಲು ಆಧಾರವಿಲ್ಲ. ಇದು ಕೇಂದ್ರದ ಯೋಜನೆಯ ಕಥೆ, ನಮಗೇನು ಎಂದು ವಿಧಾನಸೌಧದಲ್ಲಿ ಯಾರೂ ನಿರಾಳವಾಗಬೇಕಿಲ್ಲ. ಮೂರು ತಿಂಗಳ ಕೋರ್ಸು, ತಲೆಗಿಷ್ಟು ಎಂಬ ಪಾವತಿ, ಕೊನೆಗೊಂದು ಪ್ರಮಾಣಪತ್ರ ಎಂಬ ಇದೇ ಅಚ್ಚಿನಲ್ಲಿ ಎರಕ ಹೊಯ್ದ ಕೋರ್ಸುಗಳು ಎಲ್ಲ ರಾಜ್ಯಗಳಲ್ಲೂ ಇವೆ.

ನಮ್ಮದೇ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಇರುವಾಗ ಈ ಹಾದಿ ಹಿಡಿಯುವುದು ಸಂಕಟದ ಸಂಗತಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನರ ಬಾಯಲ್ಲಿ ಜಿಟಿಟಿಸಿ, ಹತ್ತನೇ ತರಗತಿ ಮುಗಿಸಿದ ಹುಡುಗ ಹುಡುಗಿಯರಿಗೆ ವರ್ಷಗಟ್ಟಲೆ ಯಂತ್ರದ ಮುಂದೆ ನಿಲ್ಲಿಸಿ ಅಚ್ಚು ಮಾಡುವುದನ್ನು ಕಲಿಸುತ್ತದೆ. ಅಲ್ಲಿ ಕಲಿಕೆಯೂ ನಡೆಯುತ್ತದೆ, ನಿಜವಾದ ಗಿರಾಕಿಗೆ ನಿಜವಾದ ಬಿಡಿಭಾಗವೂ ತಯಾರಾಗುತ್ತದೆ. ಮೈಕ್ರಾನ್ ಲೆಕ್ಕದ ಅಳತೆ ಕೈಗೆ ಹತ್ತಲು ಕಾಲ ಬೇಕು, ಉಪಾಧ್ಯಾಯರು ಪಕ್ಕದಲ್ಲಿರಬೇಕು, ಹಾಳಾದ ತುಂಡನ್ನು ಎಸೆದು ಮತ್ತೆ ಶುರುಮಾಡಲು ಅವಕಾಶವಿರಬೇಕು. ಅವಸರಕ್ಕೆ ಆ ಕೈ ಬರುವುದಿಲ್ಲ. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದಾಗ ಹೊಸ ಯಂತ್ರಗಳು ಬಂದವು. ಆ ಯಂತ್ರ ಬಲ್ಲ ಬೋಧಕರನ್ನು ತುಂಬುವ ಕೆಲಸಕ್ಕೂ ಅಷ್ಟೇ ಹಟ ಬೇಕು. ಪ್ರೋತ್ಸಾಹಧನದ ಒಂದು ಪಾಲು ಅಲ್ಲಿಗೆ ಹರಿದರೆ, ಯಾವ ಕಂಪನಿ ಬಂದರೂ ಹೋದರೂ ಆ ವಿದ್ಯೆ ಊರಿನಲ್ಲೇ ಉಳಿಯುತ್ತದೆ. ಅಪ್ರೆಂಟಿಸ್‌ಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 1961ರ ಕಾಯ್ದೆಯ ಪ್ರಕಾರ ಅವರು ಕಲಿಯುವವರೇ ಹೊರತು ಕಾರ್ಮಿಕರಲ್ಲ. ಭತ್ಯೆಯಲ್ಲಿ ತಿಂಗಳಿಗೆ 1,500 ರೂಪಾಯಿವರೆಗೆ ಕೇಂದ್ರವೇ ತುಂಬಿಕೊಡುತ್ತದೆ. ಪ್ರತಿ ವರ್ಷ ಹೊಸ ಅಪ್ರೆಂಟಿಸ್‌ಗಳಿಂದಲೇ ಲೈನು ನಡೆಸುವ ಕಾರ್ಖಾನೆಗೆ, ಕಲಿತವರಲ್ಲಿ ಎಷ್ಟು ಜನರನ್ನು ಉಳಿಸಿಕೊಂಡೆ ಎಂದು ಕೇಳದೆ ರಾಜ್ಯದ ರಿಯಾಯಿತಿ ಕೊಡಬಾರದು.

ಸ್ಥಳೀಯರಿಗೆ ಕೆಲಸ ಎಂಬ ಬೇಡಿಕೆಯ ಗತಿಯನ್ನು ನೋಡಿದರೂ ಇದೇ ಪಾಠ. ಸರೋಜಿನಿ ಮಹಿಷಿ ಅವರ ವರದಿ ಬಂದು ನಾಲ್ಕು ದಶಕವಾಯಿತು. 2024ರ ಜುಲೈನಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿತು, ಉದ್ಯಮಿಗಳು ಎದ್ದು ನಿಂತರು, ಎರಡು ದಿನದಲ್ಲಿ ಅದು ತಡೆಯಾಯಿತು. ಹರಿಯಾಣದ ಶೇ 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತ್ತು. ಕಡ್ಡಾಯದ ದಾರಿ ಇಷ್ಟು ಕಲ್ಲುಮುಳ್ಳಿನದಾಗಿರುವಾಗ ಸರ್ಕಾರದ ಕೈಯಲ್ಲಿ ಉಳಿದ ಬಲ ಒಂದೇ: ಕೊಡುವ ಹಣ. ಷರತ್ತು ಬೇಡವೆನ್ನುವವರು ಹಣ ಪಡೆಯದಿರಲಿ. ಪಡೆಯುವವರು ಲೆಕ್ಕ ಕೊಡಲಿ.

ಹೀಗೆ ಕೇಳಿದರೆ ಬಂಡವಾಳ ಪಕ್ಕದ ರಾಜ್ಯಕ್ಕೆ ಹೋಗುತ್ತದೆ ಎಂಬ ಹೆದರಿಕೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ತಮಿಳುನಾಡು, ಆಂಧ್ರ, ತೆಲಂಗಾಣಗಳ ಪೈಪೋಟಿ ಸುಳ್ಳಲ್ಲ. ಆದರೂ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನಡೆದುದನ್ನು ಒಮ್ಮೆ ಓದಬೇಕು. 2017ರಲ್ಲಿ ಫಾಕ್ಸ್‌ಕಾನ್ 13,000 ಉದ್ಯೋಗದ ಮಾತು ಕೊಟ್ಟಿತು, ರಾಜ್ಯ ಸುಮಾರು 300 ಕೋಟಿ ಡಾಲರ್ ರಿಯಾಯಿತಿಯ ಮಾತು ಕೊಟ್ಟಿತು. ಉದ್ಯೋಗ ಅಷ್ಟು ಬರಲೇ ಇಲ್ಲ. ಆದರೆ ಇಷ್ಟು ಜನರನ್ನು ಸೇರಿಸಿದರೆ ಇಷ್ಟು ಹಣ ಎಂದು ಒಪ್ಪಂದ ವರ್ಷವಾರು ಕಟ್ಟಿಹಾಕಿತ್ತು. ಮೊದಲ ವರ್ಷದ 260 ಜನರ ಗುರಿಯೂ ತಪ್ಪಿದಾಗ ರಾಜ್ಯ ಹಣ ಬಿಡಲಿಲ್ಲ. 2021ರಲ್ಲಿ ಒಪ್ಪಂದವನ್ನು 1,454 ಉದ್ಯೋಗ, ಎಂಟು ಕೋಟಿ ಡಾಲರಿಗೆ ಇಳಿಸಲಾಯಿತು. ರಸ್ತೆಗೆ, ಜಮೀನಿಗೆ ಸ್ಥಳೀಯ ಆಡಳಿತ ಸುರಿದ ಹಣ ಹೋಗಿತ್ತು, ಆದರೆ ದೊಡ್ಡ ಗಂಟು ಉಳಿಯಿತು.

ಅದೇ ಫಾಕ್ಸ್‌ಕಾನ್ ಇಂದು ನಮ್ಮ ದೇವನಹಳ್ಳಿ ಬಳಿ ಐಫೋನ್ ಜೋಡಿಸುತ್ತಿದೆ. ಇಲ್ಲಿ ಸಾವಿರಾರು ಹೆಣ್ಣುಮಕ್ಕಳು ಕೆಲಸಕ್ಕೆ ಸೇರಿದ್ದಾರೆ, ಅವರಲ್ಲಿ ಹೆಚ್ಚಿನವರು ಇಪ್ಪತ್ತರ ಆಚೀಚಿನ ವಯಸ್ಸಿನವರು, ಹಲವರಿಗೆ ಇದು ಮೊದಲ ಕೆಲಸ. ಇದು ಹೆಮ್ಮೆಪಡುವ ವಿಷಯ. ಅದಕ್ಕಾಗಿಯೇ ಹೇಳುತ್ತಿದ್ದೇವೆ: ಇಂಥ ದೊಡ್ಡ ಘಟಕಗಳ ಜೊತೆ ರಾಜ್ಯ ಮಾಡಿಕೊಂಡ ಒಪ್ಪಂದದ ಉದ್ಯೋಗದ ಷರತ್ತುಗಳು ಸಾರ್ವಜನಿಕವಾಗಲಿ. ಗುತ್ತಿಗೆ ಏಜೆನ್ಸಿಯ ತಲೆ ಬೇರೆ, ಕಂಪನಿಯ ತಲೆ ಬೇರೆ ಎಂದು ಎಣಿಸಲಿ. ಪ್ರೋತ್ಸಾಹಧನದ ದೊಡ್ಡ ಕಂತು ಸೇರಿದ ದಿನಕ್ಕಲ್ಲ, ಅದೇ ವ್ಯಕ್ತಿ ಮೂರನೇ ವರ್ಷ ಪೂರೈಸಿದ ದಿನಕ್ಕೆ ಸಲ್ಲಲಿ. ಕೇಂದ್ರದಿಂದಲೂ ರಾಜ್ಯದಿಂದಲೂ ಒಂದೇ ನೇಮಕಾತಿಗೆ ಎರಡು ಬಾರಿ ಹಣ ಹೋಗಬಹುದೇ ಕೂಡದೇ ಎಂಬುದನ್ನು ಆದೇಶದಲ್ಲೇ ಬಿಡಿಸಿ ಬರೆಯಲಿ. ರಾಜ್ಯದ ನಿರುದ್ಯೋಗ ಭತ್ಯೆ ಯೋಜನೆಯಾದ ಯುವನಿಧಿಗೆ ಅರ್ಜಿ ಹಾಕಿದ ಪದವೀಧರರ ಪಟ್ಟಿ ಸರ್ಕಾರದ ಬಳಿಯೇ ಇದೆ, ಹಣ ಪಡೆಯುವ ಕಂಪನಿಗಳ ಪಟ್ಟಿಯೂ ಇದೆ. ಈ ಎರಡು ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಇಡುವ ಜವಾಬ್ದಾರಿ ಒಬ್ಬ ಅಧಿಕಾರಿಗೆ ವಹಿಸಲಿ.

2027ರ ಜುಲೈ 31ಕ್ಕೆ ಹೊಸ ನೇಮಕಾತಿಯ ಬಾಗಿಲು ಮುಚ್ಚುತ್ತದೆ, ಮರುವರ್ಷವೇ ವಿಧಾನಸಭೆ ಚುನಾವಣೆ. ಎಷ್ಟು ಲಕ್ಷ ಉದ್ಯೋಗ ಕೊಟ್ಟೆವು ಎಂಬ ಅಂಕಿಗಳು ಆಗ ಗೋಡೆಗಳ ಮೇಲೆ ಬರುತ್ತವೆ. ಆ ಹೊತ್ತಿಗೆ ಮೊದಲ ತಂಡದವರಲ್ಲಿ ಎಷ್ಟು ಮಂದಿ ಇನ್ನೂ ಅದೇ ಗೇಟಿನೊಳಗೆ ಹೋಗುತ್ತಿದ್ದಾರೆ ಎಂಬ ಪಟ್ಟಿಯೂ ಕಾರ್ಮಿಕ ಇಲಾಖೆಯ ಬಳಿ ಇರಬೇಕಾದರೆ, ಹೆಸರು ಬರೆದುಕೊಳ್ಳುವ ಕೆಲಸ ಈ ತಿಂಗಳೇ ಶುರುವಾಗಬೇಕು.