ಚುರುಕುತನಕ್ಕೊಂದು ಸರ್ಟಿಫಿಕೇಟು

ಸಾಫ್ಟ್‌ವೇರಿನ ವಿಚಾರದಲ್ಲಿ ಕನ್ನಡ ಮೇಷ್ಟರಿಗೇನು ಕೆಲಸವೆಂದು ಕೇಳುವವರುಂಟು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ, ಹುಡುಗರು ಉಳಿದ ಹೊತ್ತಿನಲ್ಲಿ ಏನನ್ನು ಉರುಹೊಡೆಯುತ್ತಾರೆಂಬುದು ಕಣ್ಣಿಗೆ ಬೀಳದಿರದು. ಮೂಲವನ್ನು ಓದದೆ ಸಾರಾಂಶವನ್ನೇ ಪಾಠ ಹೇಳುವ ರೋಗವಂತೂ ಸಾಹಿತ್ಯದ ತರಗತಿಗಳಲ್ಲಿ ಚಿರಪರಿಚಿತ.

ವಾಟರ್‌ಫಾಲ್ ಎಂಬ ಪದ್ಧತಿಯನ್ನೇ ನೋಡಿ. ಮೊದಲು ಗಿರಾಕಿಯ ಬೇಡಿಕೆಗಳ ಪಟ್ಟಿ, ಆಮೇಲೆ ವಿನ್ಯಾಸ, ಆಮೇಲೆ ಪ್ರೋಗ್ರಾಮು, ಕಡೆಗೆ ಪರೀಕ್ಷೆ. ಇಳಿದ ನೀರು ಮತ್ತೆ ಮೇಲೇರುವಂತಿಲ್ಲ. ಇದರ ಜನಕನೆಂದು ಪಠ್ಯಗಳು ಹೆಸರಿಸುವುದು ವಿನ್ಸ್‌ಟನ್ ರಾಯ್ಸ್ ಎಂಬಾತನನ್ನು. ಆತ 1970ರಲ್ಲಿ ಬರೆದ ಲೇಖನ ಬಹು ಚಿಕ್ಕದು. ಅದರಲ್ಲಿ ಆ ಚಿತ್ರವೇನೋ ಇದೆ. ಆದರೆ ಅದರ ಬೆನ್ನಿಗೇ, ಹೀಗೆ ಹೊರಟರೆ ಅಪಾಯ, ಸೋಲನ್ನು ಮನೆಗೆ ಕರೆದಂತೆ ಎಂಬ ಎಚ್ಚರಿಕೆಯೂ ಇದೆ. ಹೊಸ ಬಗೆಯ ಕೆಲಸವಾದರೆ ಮೊದಲೊಮ್ಮೆ ಮಾಡಿ ನೋಡಿ, ಎರಡನೆಯ ಸಲದ್ದನ್ನು ಗಿರಾಕಿಗೆ ಕೊಡಿ ಎಂಬ ಸಲಹೆಯೂ ಇದೆ. ವಾಟರ್‌ಫಾಲ್ ಎಂಬ ಮಾತೇ ಇಲ್ಲ! ಎಚ್ಚರಿಸಿದವನನ್ನೇ ಪಿತಾಮಹನನ್ನಾಗಿ ಮಾಡಿ ತಲೆಮಾರುಗಟ್ಟಲೆ ಪಾಠ ನಡೆಯಿತು. ಪುಟ ಮಗುಚಿ ನೋಡುವಷ್ಟು ವ್ಯವಧಾನವೂ ಪುಸ್ತಕ ಬರೆದವರಿಗೆ ಇರಲಿಲ್ಲವೆ?

ಅದಕ್ಕೆ ಮದ್ದೆಂದು ಬಂದದ್ದು ಅಜೈಲ್. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್‌ನಲ್ಲಿ 17 ಮಂದಿ ಕೂಡಿ ಒಂದು ಪುಟ್ಟ ಪ್ರಣಾಳಿಕೆ ಹೊರಡಿಸಿದರು. ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಒಗ್ಗುವುದು ಮೇಲು, ಕಾಗದಪತ್ರಕ್ಕಿಂತ ನಡೆಯುವ ಪ್ರೋಗ್ರಾಮು ಮೇಲು, ಇತ್ಯಾದಿ. ಕಾಗದಪತ್ರಕ್ಕೂ ಬೆಲೆಯಿಲ್ಲದಿಲ್ಲವೆಂದು ಅವರೇ ಕಡೆಯಲ್ಲಿ ಸೇರಿಸಿದ್ದಾರೆ. ಆ ಸಾಲನ್ನು ನುಂಗಿಕೊಂಡು ಭಾಷಣ ಬಿಗಿಯುವವರು ಎಷ್ಟು ಜನವಿಲ್ಲ!

ಇಲ್ಲಿ ನನಗೆ ಸಂಬಂಧಪಟ್ಟ ವ್ಯಾಕರಣದ ಮಾತೊಂದುಂಟು. ಅಜೈಲ್ ಎಂಬುದು ಗುಣವಾಚಕ. ಅದನ್ನು ನಾಮಪದವಾಗಿಸಿ ಕೆಡಿಸಿದರೆಂದು ಆ 17 ಮಂದಿಯಲ್ಲೇ ಒಬ್ಬರಾದ ಡೇವ್ ಥಾಮಸ್ 2014ರಲ್ಲಿ ಆಕ್ಷೇಪಿಸಿದರು. ಚುರುಕಾಗಿ ಕೆಲಸಮಾಡು ಎಂದರೆ ನಮಗೆ ಅರ್ಥವಾಗುತ್ತದೆ. ನಮ್ಮ ಕಚೇರಿಯಲ್ಲಿ ಚುರುಕನ್ನು ಜಾರಿಗೆ ತಂದಿದ್ದೇವೆ ಎಂದರೆ ನಗು ಬರುತ್ತದೆ. ಆದರೆ ನಾಮಪದವಾದದ್ದನ್ನು ಮಾರಬಹುದು. ಎರಡು ದಿನದ ತರಬೇತಿ, 50 ಪ್ರಶ್ನೆಗಳ ಪರೀಕ್ಷೆ, ಸ್ಕ್ರಮ್ ಮಾಸ್ಟರ್ ಎಂಬ ಬಿರುದು! ತಂಡದವರು ಆ ದಿನದ ಕೆಲಸವನ್ನು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಳ್ಳಲೆಂದು ಹುಟ್ಟಿದ 15 ನಿಮಿಷದ ಸಭೆ, ಮೇಲಧಿಕಾರಿಗೆ ಹಾಜರಿ ಒಪ್ಪಿಸುವ ಶಾಸ್ತ್ರವಾಗಿರುವ ಕಚೇರಿಗಳು ಬೆಂಗಳೂರಿನಲ್ಲಿ ಅಪರೂಪವೇನಲ್ಲ.

ಈ ಶಾಸ್ತ್ರದ ಅಭ್ಯಾಸ ಆರಂಭವಾಗುವುದು ಕಾಲೇಜಿನಲ್ಲಿಯೇ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಪ್ರೋಗ್ರಾಮು ಹೇಗೋ ಓಡಿದ ಮೇಲೆ ವರದಿಗಾಗಿ ವಿನ್ಯಾಸದ ಅಧ್ಯಾಯ ಬರೆಯುತ್ತಾರೆ. ಗೃಹಪ್ರವೇಶದ ಊಟ ಮುಗಿದ ಮೇಲೆ ಮನೆಯ ನಕ್ಷೆ ಬರೆಸಿದ ಹಾಗೆ. ಈ ಹುಡುಗರು ನಾಳೆ ಕೈಯಿಡುವುದು ಬ್ಯಾಂಕಿನ, ಆಸ್ಪತ್ರೆಯ ಲೆಕ್ಕ ನಡೆಸುವ, ಯಾರೋ ಬರೆದು ಬಿಟ್ಟುಹೋದ ಪ್ರೋಗ್ರಾಮುಗಳಿಗೆ. ಪರರು ಬರೆದದ್ದನ್ನು ಓದುವುದು, ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಮುರಿಯದಂತೆ ನೋಡಿಕೊಳ್ಳುವುದು—ವಿನ್ಯಾಸವೆಂದರೆ ಮುಖ್ಯವಾಗಿ ಇದೇ. ಇದನ್ನು ಕಲಿಸಿದವರಾರು?

ಪರೀಕ್ಷೆಗೆ ಅದು ಬರುವುದಿಲ್ಲವೆಂಬುದು ಅಧ್ಯಾಪಕ ಮಹಾಶಯರ ಉತ್ತರ. ಬರುವಂತೆ ಮಾಡಿ, ಸ್ವಾಮಿ. ಹೋದ ವರ್ಷದವರ ಪ್ರೋಗ್ರಾಮನ್ನು ಈ ವರ್ಷದವರ ಕೈಗೆ ಕೊಡಿ. ಸೆಮಿಸ್ಟರಿನ ನಡುವೆ ಬೇಡಿಕೆಯೊಂದನ್ನು ಬದಲಿಸಿ. ತಿದ್ದಿದ್ದೇನು, ಅದರಿಂದ ಮುರಿದದ್ದೇನು ಎಂದು ಕೇಳಿ ಅಂಕ ಹಾಕಿ. ಇದಕ್ಕೆ ಹೊಸ ಕಟ್ಟಡ ಬೇಡ, ತರಬೇತಿಯ ಶುಲ್ಕವೂ ಬೇಡ. ಹಳೆಯ ಪ್ರಾಜೆಕ್ಟುಗಳೆಲ್ಲ ರಟ್ಟು ಹಾಕಿಸಿಕೊಂಡು ಗ್ರಂಥಾಲಯದ ಬೀರುಗಳಲ್ಲಿ ಧೂಳು ಹಿಡಿಯುತ್ತಿವೆ.