ಆ್ಯಪ್ ಹಾಕಿಕೊಂಡರೆ ಮಾತ್ರೆ ಬಿಡಬಹುದೇ?

ಆತಂಕಕ್ಕೆ ಆ್ಯಪ್ ಸಾಕು, ಮಾತ್ರೆ ಬೇಡ ಎನ್ನುವ ಬಗೆಯ ಫಾರ್ವರ್ಡ್‌ಗಳಲ್ಲಿ ಮೊದಲರ್ಧವನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ಪರದೆಯಲ್ಲಿ ಹಿಗ್ಗಿ ಕುಗ್ಗುವ ವೃತ್ತ ನೋಡುತ್ತಾ ನಿಮಿಷಕ್ಕೆ ಸುಮಾರು 6 ಬಾರಿಯಂತೆ ನಿಧಾನವಾಗಿ ಉಸಿರಾಡಿದರೆ, ವೇಗಸ್ ನರದ ಮೂಲಕ ಎದೆಬಡಿತ ತುಸು ಹತೋಟಿಗೆ ಬರುತ್ತದೆ. (ಆ್ಯಪ್ ಇಲ್ಲದೆಯೂ ಇದು ಸಾಧ್ಯ, ಡೇಟಾ ಉಳಿಯುತ್ತದೆ!) ಆದರೆ ಥೈರಾಯ್ಡ್ ಹೆಚ್ಚಾದರೂ, ರಕ್ತಹೀನತೆಯಿದ್ದರೂ ಎದೆ ಹೀಗೇ ಡವಗುಟ್ಟುತ್ತದೆ. ಅದನ್ನು ಆ ವೃತ್ತ ಪತ್ತೆ ಹಚ್ಚುವುದಿಲ್ಲ.

ಎರಡನೆಯರ್ಧ ಅಪಾಯಕಾರಿ. ಆತಂಕದ ಕೆಲವು ಮಾತ್ರೆಗಳನ್ನು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಡೋಸ್ ಇಳಿಸುವುದು ವೈದ್ಯರ ಕೆಲಸ. ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.